ಶ್ರೀ ಬರೆದ ಫೋಲ್ಡರ್

ನಮ್ಮ ಮನೆಗೆ ಹೊಸದೇನೇ ಬರಲಿ, ಅದರ ತಲೆಯ ಮೇಲೆ ಮೊದಲು ಶ್ರೀ ಬೀಳಬೇಕು. ಮಾವನವರ ಕಾಲದಿಂದ ನಡೆದುಕೊಂಡು ಬಂದದ್ದು. ಮಧುಗಿರಿ ಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿ ಇದ್ದಾಗ ಹೊಸ ಥಾನು ಬಿಚ್ಚುವ ಮುಂಚೆ ಮೂಲೆಗೆ ಸೀಮೆಸುಣ್ಣದಲ್ಲಿ ಶ್ರೀ ಬರೆಯುತ್ತಿದ್ದರು. ಅಂಗಡಿಯನ್ನು ಬಾಡಿಗೆಗೆ ಕೊಟ್ಟು ಎಷ್ಟೋ ವರ್ಷವಾಯಿತು, ಅಭ್ಯಾಸ ಮಾತ್ರ ನನ್ನ ಕೈಯಲ್ಲಿ ಉಳಿದಿದೆ. ಫ್ರಿಜ್ಜಿನ ಬಾಗಿಲಿಗೂ ಬರೆದೆ, ಗ್ಯಾಸ್ ಸಿಲಿಂಡರಿಗೂ ಬರೆಯುತ್ತೇನೆ. ಬರೆದು, ಮೂರು ಬೆರಳಲ್ಲಿ ವಿಭೂತಿ ಎಳೆದರೆ ನನಗೆ ಸಮಾಧಾನ.

"ಇವಳ ಕೈಗೆ ಸಿಕ್ಕಂಗೆ ಒಂದು ಕಡೆ ಜಾಸ್ತಿ ಹೊತ್ತು ಕೂರಬಾರದು ಕಣಪ್ಪ, ನಮ್ಮ ಬೆನ್ನಿಗೂ ಶ್ರೀ ಬರ್ದುಬುಡ್ತಾಳೆ" ಎಂದು ಯಜಮಾನರು ಮಗನ ಹತ್ತಿರ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರ ಕನ್ನಡಕದ ಡಬ್ಬದ ಮೇಲೆ ನಾನು ಬರೆದದ್ದನ್ನು ಅವರೂ ಇಂದಿನವರೆಗೆ ಒರೆಸಿಲ್ಲ.

ಆ ಅಭ್ಯಾಸವೇ ನನ್ನ ಸೊಸೆಯ ಕೆಲಸಕ್ಕೆ ಹೆಂಗೆ ಸುತ್ತಿಕೊಂಡಿತು ಅನ್ನುವುದನ್ನು ಹೇಳುತ್ತೇನೆ.

ಸೊಸೆ ಪಾವಗಡದ ಕಡೆಯವಳು. ತವರು ಬಲಸಮುದ್ರದ ಹತ್ತಿರ, ಮನೆ ಮಾತು ತೆಲುಗು. ನನ್ನನ್ನು ಅತ್ತಮ್ಮ ಅನ್ನುತ್ತಾಳೆ. ಮಗ ಅಲ್ಲಿಯ ಸೋಲಾರ್ ಪಾರ್ಕಿನಲ್ಲಿ ಕೆಲಸಕ್ಕಿದ್ದಾನೆ. ವಾರವೆಲ್ಲ ಪಾವಗಡದಲ್ಲೇ ರೂಮು ಮಾಡಿಕೊಂಡಿದ್ದು ಶನಿವಾರ ಸಂಜೆಯ ಬಸ್ಸಿಗೆ ಬರುತ್ತಾನೆ. ಸೊಸೆ ಮೊದಲು ತುಮಕೂರಿನಲ್ಲಿ ಒಂದು ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವ ಕೆಲಸದಲ್ಲಿದ್ದಳು. ಹೊಟ್ಟೆಯಲ್ಲಿದ್ದ ಮಗು ಐದು ತಿಂಗಳು ತುಂಬುವ ಮುಂಚೆ ಹೋಯಿತು. ಅದಾದ ಮೇಲೆ ಕೆಲಸ ಬಿಟ್ಟು ನಮ್ಮ ಜೊತೆ ಇರಲು ಮಧುಗಿರಿಗೆ ಬಂದಳು.

ಬಂದವಳು ಮೊದಲಿನ ಹುಡುಗಿ ಆಗಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಮಹಡಿಗೆ ಹೋಗಿ ಬೆಟ್ಟ ನೋಡುತ್ತಾ ನಿಂತುಬಿಡುತ್ತಿದ್ದಳು. ನೀರು ಬಿಟ್ಟ ದಿನ ತೊಟ್ಟಿ ತುಂಬಿ ಅಂಗಳವೆಲ್ಲ ಹರಿದರೂ ನಲ್ಲಿ ನೆನಪಿಲ್ಲ. ನಾವು ಯಾರೂ ಏನೂ ಅನ್ನಲಿಲ್ಲ. ಆದರೆ ಅವಳೇ ಒಂದು ದಿನ ಸೀದು ಕಪ್ಪಾದ ಪಾತ್ರೆ ಉಜ್ಜುತ್ತಾ ಕೇಳಿದಳು: "ಅತ್ತಮ್ಮ, ನನ್ನ ತಲೆ ಹೋಗಿದೆ ಅಲ್ವಾ? ನಿಜ ಹೇಳಿ."

"ಹೋಗ್ಲಿ ಬುಡು, ಪಾತ್ರೆ ತಾನೆ ಸೀದದ್ದು" ಎಂದೆ. ಅದು ಉತ್ತರವಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವಳಿಗೂ.

ಅಂಥ ಕಾಲದಲ್ಲಿ ದೇವರು ಒಂದು ಉಪಕಾರ ಮಾಡಿದ. ಅವಳ ಹಳೆಯ ಆಫೀಸಿನಲ್ಲಿ ಜೊತೆಗಿದ್ದ ಒಬ್ಬ ಮೇಡಂ ತಾವೇ ಸಣ್ಣದಾಗಿ ಕಂಪನಿ ಶುರುಮಾಡಿದ್ದರಂತೆ. ಮನೆಯಿಂದಲೇ ಮಾಡುವ ಕೆಲಸ, ಮೊದಲು ಎರಡು ವಾರ ಪರೀಕ್ಷೆಗೆ ಅಂತ ಕೊಟ್ಟರು. ಹೊಲದ ಪಂಪುಗಳು ಎಷ್ಟು ಹೊತ್ತು ಓಡಿದವು ಅಂತ ಲೆಕ್ಕ ಇಡುವ ಪ್ರೋಗ್ರಾಂ ಅದು. ನಮ್ಮ ಕಡೆ ಹೊಲಕ್ಕೆ ಕರೆಂಟು ಬರುವುದೇ ರಾತ್ರಿ ಹೊತ್ತು. ಹತ್ತು ಗಂಟೆಗೆ ಶುರುವಾದ ಪಂಪು ಎರಡು ಗಂಟೆಗೆ ನಿಂತರೆ, ಮಧ್ಯೆ ದಿನ ಬದಲಾಗುವುದರಿಂದ, ಆ ಪ್ರೋಗ್ರಾಂ ತಿಕ್ಕಲು ತಿಕ್ಕಲಾಗಿ ಲೆಕ್ಕ ಹೇಳುತ್ತಿತ್ತಂತೆ. ತಪ್ಪೆಲ್ಲಿದೆ ಹುಡುಕಿ ಸರಿಮಾಡಿ ತೋರಿಸಬೇಕು.

"ಇದೂ ಆಗ್ಲಿಲ್ಲಾಂದ್ರೆ ಇನ್ನು ಯಾವತ್ತೂ ಇದರ ಮುಂದೆ ಕೂರಲ್ಲ ಅತ್ತಮ್ಮ. ತಲೆ ಹೋಗಿದೆ ಅಂತ ಒಪ್ಕೊಂಡುಬಿಡ್ತೀನಿ" ಎಂದಳು. ತಮಾಷೆಗೆ ಹೇಳಿದ್ದಲ್ಲ. ಅವತ್ತಿನಿಂದ ನನ್ನ ಪೂಜೆಯಲ್ಲಿ ಬೇಡಿಕೆ ಒಂದೇ ಆಯಿತು.

ಕೆಲಸ ಶುರುಮಾಡುವ ದಿನ ಲ್ಯಾಪ್‌ಟಾಪನ್ನು ದೇವರ ಮುಂದಿಟ್ಟು ಪೂಜೆ ಮಾಡಿದೆ. ಮುಚ್ಚಳದ ಮೇಲೆ ಶ್ರೀ ಬರೆಯಲು ಹೋದರೆ ಸೀಮೆಸುಣ್ಣ ಅದರ ನುಣುಪಿಗೆ ಹಿಡಿಯಲೇ ಇಲ್ಲ. "ಹೊರಗೆ ನಿಲ್ತಾ ಇಲ್ಲ ಕಣಮ್ಮ, ಒಳಗೇ ಎಲ್ಲಾದ್ರೂ ಬರ್ಕೊಂಬುಡು" ಎಂದೆ. ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕದ್ದು, ಅದನ್ನೂ ಒಂದು ಉಪಕಾರ ಅಂತ ಎಣಿಸಿಕೊಂಡೆ. ನನ್ನ ಕಣ್ಣೆದುರಿಗೇ ಒಂದು ಹೊಸ ಫೋಲ್ಡರ್ ಮಾಡಿ, ಅದಕ್ಕೆ ಶ್ರೀ ಅಂತ ಹೆಸರಿಟ್ಟು, ಕೆಲಸದ ಫೈಲುಗಳನ್ನೆಲ್ಲ ಅದರೊಳಕ್ಕೆ ಹಾಕಿದಳು.

"ತಗೊಳ್ಳಿ ಅತ್ತಮ್ಮ, ಇನ್ನು ನಾನು ಏನು ಬರೆದ್ರೂ ನಿಮ್ಮ ಶ್ರೀ ಒಳಗೇ."

ಅವಳು ಬರೆಯುವುದು ಎಡಿಟರ್ ಅನ್ನುವ ಒಂದರಲ್ಲಿ. ಅದರ ತಲೆಯ ಮೇಲೆ ಉದ್ದಕ್ಕೆ ಒಂದು ಸಾಲು, ಆ ಫೈಲು ಯಾವ ಫೋಲ್ಡರಿನ ಒಳಗಿನ ಯಾವ ಫೋಲ್ಡರಿನಲ್ಲಿದೆ ಅನ್ನುವ ವಿಳಾಸ. ಪಾತ್ ಅಂದಳು. ಎಲ್ಲ ಇಂಗ್ಲಿಷು, ಮಧ್ಯದಲ್ಲಿ ಒಂದೇ ಒಂದು ಶ್ರೀ. ನನಗೆ ಆ ಪರದೆಯಲ್ಲಿ ಅರ್ಥವಾಗುತ್ತಿದ್ದದ್ದು ಅಷ್ಟೇ. ದಿನಾ ಬೆಳಿಗ್ಗೆ ವಿಭೂತಿ ತಟ್ಟೆ ಹಿಡಿದುಕೊಂಡು ಹೋದಾಗ ಅದನ್ನು ನೋಡಿ ಕೈ ಮುಗಿಯುತ್ತಿದ್ದೆ.

ಮೊದಲ ಎರಡು ಮೂರು ದಿನ ಓದುವುದರಲ್ಲೇ ಹೋಯಿತು. ಆಮೇಲೆ ಡೀಬಗ್ಗರ್ ಅನ್ನುವುದನ್ನು ಹಚ್ಚಿದಳು. ಏನಮ್ಮ ಅದು ಅಂದರೆ, ತಾಳ್ಮೆಯಿಂದ ಹೇಳಿದಳು. ಪ್ರೋಗ್ರಾಂ ಓಡುತ್ತಾ ಇರುವಾಗ ಇಂಥ ಸಾಲಿಗೆ ಬಂದ ತಕ್ಷಣ ನಿಲ್ಲು ಅಂತ ಆ ಸಾಲಿನ ಪಕ್ಕ ಒಂದು ಕೆಂಪು ಚುಕ್ಕೆ ಇಡುವುದು. ಅದು ಅಲ್ಲಿ ನಿಂತರೆ ಒಳಗೆ ಏನಾಗುತ್ತಿದೆ ಅಂತ ನಿಧಾನವಾಗಿ ನೋಡಬಹುದು. ಅನ್ನ ಬೇಯುವಾಗ ಮುಚ್ಚಳ ತೆಗೆದು ಒಂದು ಅಗುಳು ಹಿಸುಕಿ ನೋಡುವ ಹಾಗೆ ಅಂತ ನಾನು ಅರ್ಥ ಮಾಡಿಕೊಂಡೆ.

ಆದರೆ ಚುಕ್ಕೆ ನಿಲ್ಲಲಿಲ್ಲ. ಕುಂಕುಮದ ಹಾಗೆ ತುಂಬಿಕೊಂಡು ಕೂರಬೇಕಾದದ್ದು, ಓಡಿಸಿದ ಕೂಡಲೇ ಬಣ್ಣ ಹೋಗಿ ಬರೀ ಬೂದು ಬಳೆಯಾಗಿಬಿಡುತ್ತಿತ್ತು. ಪ್ರೋಗ್ರಾಂ ನಿಲ್ಲದೆ ಓಡಿಹೋಗುತ್ತಿತ್ತು. ಓಡಿ ಓಡಿ ಎಲ್ಲೋ ಮುಗ್ಗರಿಸಿದಾಗ ಮಾತ್ರ ಆ ಸಾಲನ್ನು ಹಳದಿ ಮಾಡಿ ತೋರಿಸುತ್ತಿತ್ತು. ತೋರಿಸಿದ ಜಾಗ ನೋಡಿದರೆ, ಅವಳು ಹಿಂದಿನ ದಿನ ತಿದ್ದಿದ್ದು ಅಲ್ಲಿ ಇರುತ್ತಲೇ ಇರಲಿಲ್ಲ.

"ನಾನು ತಿದ್ದಿದ್ದೆ ಅತ್ತಮ್ಮ. ಸೇವ್ ಮಾಡಿದ್ದೆ. ದೇವುಡಾ, ಮಾಡಿದ್ದೆ ತಾನೆ?"

ಮತ್ತೆ ತಿದ್ದುತ್ತಿದ್ದಳು. ಸೇವ್ ಮಾಡಿದೆ ಅಂತ ಬಾಯಲ್ಲಿ ಜೋರಾಗಿ ಹೇಳಿಕೊಳ್ಳುತ್ತಿದ್ದಳು, ಯಾರಿಗೋ ಸಾಕ್ಷಿ ಹೇಳುವವಳ ಹಾಗೆ. ಓಡಿಸಿದರೆ ಮತ್ತೆ ಅದೇ. ಹಾಲು ಉಕ್ಕಿಸಿದಾಗ, ನೀರು ಚೆಲ್ಲಿದಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಒಂದು ಭಯ ಇತ್ತಲ್ಲ, ಅದು ಪುನಃ ಬಂದು ಕೂತಿತು. ಮಾಡಿದ್ದೀನಿ ಅಂದುಕೊಂಡದ್ದನ್ನು ತಾನು ಮಾಡಿಯೇ ಇಲ್ಲವೇನೋ ಅನ್ನುವ ಭಯ. ಊಟಕ್ಕೆ ಕರೆದರೆ ಮುದ್ದೆಯ ಮುಂದೆ ಕೂತು ಸಾರು ಹಾಕಿಕೊಳ್ಳುವುದನ್ನು ಮರೆಯುತ್ತಿದ್ದಳು.

ಎದುರು ಮನೆಯಾಕೆ ಸೊಪ್ಪು ಬಿಡಿಸುತ್ತಾ ಜಗುಲಿಯಿಂದಲೇ ಕೇಳಿದರು: "ಏನ್ರೀ, ನಿಮ್ ಸೊಸೆ ಬೆಳಗ್ಗಿಂದ ಆ ಪೆಟ್ಟಿಗೆ ಮುಂದೇನೇ ಕೂತವ್ಳೆ. ಈ ವಯಸ್ನಲ್ಲಿ ಮುದ್ದೆ ತಿರುವೋದು ನೀವೇನಾ?"

"ಅವಳು ತಿರುವಿದ್ರೆ ಗಂಟು ಬೀಳ್ತದೆ ಕಣಮ್ಮ. ನಾನೇ ವಾಸಿ."

"ಅಂಗಾರೆ ಕಂಪ್ಯೂಟರ್ನಾಗೆ ಗಂಟು ಬೀಳಲ್ವೇನೋ!" ಎಂದು ನಕ್ಕರು. ನಾನೂ ನಕ್ಕು ಒಳಗೆ ಬಂದೆ. ಗಂಟು ಬಿದ್ದದ್ದು ಅವರಿಗೆ ಯಾಕೆ ಹೇಳಲಿ.

ಎರಡನೇ ವಾರ ಮುಗಿಯುತ್ತಾ ಬಂತು, ಸೋಮವಾರ ಸಂಜೆಯೊಳಗೆ ಕೆಲಸ ಕಳಿಸಬೇಕಿತ್ತು. ಶನಿವಾರ ಮಗ ಬಂದ. ಕಾಲು ತೊಳೆದವನೇ ಅವಳ ಪಕ್ಕ ಕೂತು ನೋಡಿದ. ಅವನದು ಕರೆಂಟಿನ ಕೆಲಸ, ಇದರ ಒಳಸುಳಿ ಅವನಿಗೂ ಗೊತ್ತಿಲ್ಲ. ಅವಳು ಒಂದಾದ ಮೇಲೆ ಒಂದು ತೋರಿಸುತ್ತಾ ಹೋದಳು, ಇವನು ಹೂಂ ಹೂಂ ಅಂದ. ಕೊನೆಗೆ, "ನೀನು ಸುಸ್ತಾಗಿದೀಯ. ಎಲ್ಲೋ ಮರೆತಿರ್ತೀಯ. ಬುಡು, ಆಗ್ದಿದ್ರೆ ಬೇಡ" ಎಂದ.

ಪ್ರೀತಿಯಿಂದಲೇ ಅಂದದ್ದು, ನನ್ನ ಮಗನನ್ನು ನಾನು ಬಲ್ಲೆ. ಆದರೆ ಮರೆತಿರ್ತೀಯ ಅನ್ನುವ ಆ ಒಂದು ಮಾತಿಗೆ ಅವಳ ಭುಜ ಕುಸಿದದ್ದು ಅಡುಗೆಮನೆ ಬಾಗಿಲಿನಿಂದ ನನಗೆ ಕಂಡಿತು. ಅವಳು ಮುಚ್ಚಳ ಮುಚ್ಚಿದಳು. ಭಾನುವಾರ ಇಡೀ ದಿನ ಅದನ್ನು ತೆಗೆಯಲಿಲ್ಲ. ಸಂಜೆ ಮಗ ಹೊರಟ ಮೇಲೆ, "ಅತ್ತಮ್ಮ, ನಾಳೆ ಮೇಡಂಗೆ ಫೋನ್ ಮಾಡಿ ನನ್ನ ಕೈಲಿ ಆಗಲ್ಲ ಅಂತ ಹೇಳ್ತೀನಿ. ಸ್ವಲ್ಪ ದಿನ ಅಮ್ಮನ ಮನೆಗೆ ಹೋಗಿಬರ್ತೀನಿ" ಎಂದಳು. ಹೋದರೆ ಎಷ್ಟು ದಿನಕ್ಕೆ ಬರುತ್ತಾಳೆ, ಹೆಂಗಾಗಿ ಬರುತ್ತಾಳೆ ಅನ್ನುವುದೇ ನನ್ನ ತಲೆಯಲ್ಲಿ ತಿರುಗುತ್ತಿತ್ತು. ನಮ್ಮ ಸಿದ್ದರಬೆಟ್ಟದ ಕಡೆ ಮುಖ ಮಾಡಿ, ಹುಡುಗಿಗೆ ಕೆಲಸ ಸಿಗದಿದ್ದರೂ ಪರವಾಗಿಲ್ಲ ತಂದೆ, ಅವಳ ಧೈರ್ಯ ಅವಳಿಗೆ ಕೊಡು ಎಂದು ಬೇಡಿಕೊಂಡೆ.

ಸೋಮವಾರ ನನಗೆ ಉಪವಾಸ. ಲಿಂಗಪೂಜೆ ಮುಗಿಸಿ ವಿಭೂತಿ ತಟ್ಟೆ ಹಿಡಿದು ಬಂದರೆ, ಅವಳು ಲ್ಯಾಪ್‌ಟಾಪ್ ತೆಗೆದು ಕೂತಿದ್ದಳು. ಫೋನು ಪಕ್ಕದಲ್ಲಿತ್ತು. ಮೇಡಂ ಎಷ್ಟರಮಟ್ಟಿಗೆ ಆಗಿದೆ ಅಂತ ಕೇಳಿದರೆ ಹೇಳಬೇಕಲ್ಲ ಅಂತ ಕೊನೆಯದಾಗಿ ಒಂದು ಸಲ ಓಡಿಸಿದ್ದಳಂತೆ. ಅದು ಎಂದಿನ ಹಾಗೆ ಮುಗ್ಗರಿಸಿ, ಸಾಲನ್ನು ಹಳದಿ ಮಾಡಿಕೊಂಡು ನಿಂತಿತ್ತು.

ನಾನು ಮುಚ್ಚಳದ ಅಂಚಿಗೆ ವಿಭೂತಿ ಹಚ್ಚಿ, ಅಭ್ಯಾಸಬಲದಿಂದ ಮೇಲಿನ ಸಾಲು ನೋಡಿದೆ. ಕೈ ಮುಗಿಯಲು ಅಲ್ಲಿ ಶ್ರೀ ಇರಲಿಲ್ಲ.

"ಯಾಕಮ್ಮ, ದೇವರ ಹೆಸರು ತೆಗೆದುಬುಟ್ಯಾ?"

ನಿಜ ಹೇಳುತ್ತೇನೆ, ವಿಭೂತಿ ತಟ್ಟೆಯನ್ನು ಅಲ್ಲೇ ಇಟ್ಟು ಗಲ್ಲ ಗಲ್ಲ ಬಡಿದುಕೊಂಡೆ. ಬೇಸರದಲ್ಲಿ ಅಳಿಸಿಬಿಟ್ಟಳೇನೋ, ಸೋಮವಾರದ ದಿನ ಹಿಂಗಾಯಿತಲ್ಲ ಅಂತ.

"ನಾನ್ಯಾಕೆ ತೆಗೀಲಿ? ಅಲ್ಲೇ ಇದೆ" ಎಂದಳು, ನೋಡದೆಯೇ, ಸ್ವಲ್ಪ ಸಿಡುಕಿ.

"ಇಲ್ಲ ಕಣಮ್ಮ. ನನಗೆ ಗೊತ್ತಾಗೋದು ಅದೊಂದೇ. ಇದ್ದಿದ್ರೆ ಕಾಣ್ತಿರಲಿಲ್ವಾ?"

ಆಗ ತಲೆ ಎತ್ತಿ ನೋಡಿದಳು. ನೋಡುತ್ತಲೇ ಇದ್ದಳು. ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು ಹಾಳೆ ತೆರೆದಿತ್ತು. ಅದನ್ನು ಒತ್ತಿದಳು, ಅದರ ತಲೆಯ ಮೇಲೆ ಶ್ರೀ ಇತ್ತು. ಇದನ್ನು ಒತ್ತಿದಳು, ಇಲ್ಲ. ಅದನ್ನು ಒತ್ತಿದಳು, ಇದೆ. ಹಾಗೇ ನಾಲ್ಕಾರು ಸಲ ಒತ್ತಿ, ಎರಡೂ ಕೈ ಬಾಯಿಗೆ ಹಿಡಿದುಕೊಂಡಳು.

"ಅತ್ತಮ್ಮ, ಇವು ಎರಡು."

"ಏನು ಎರಡು?"

"ಫೈಲು. ಅವತ್ತು ನಾನು ಎತ್ತಿ ಹಾಕ್ಲಿಲ್ಲ, ಕಾಪಿ ಮಾಡಿದ್ದೆ. ಹಳೇದು ಹಳೇ ಜಾಗದಲ್ಲೇ ಉಳ್ಕೊಂಡಿದೆ. ಡೀಬಗ್ಗರ್‌ಗೆ ಪೂಜೆಗೆ ಮುಂಚೇನೇ ಹಳೇ ಪಾತ್ ಬರೆದು ಇಟ್ಟಿದ್ದೆ. ನಾನು ತಿದ್ದೋದು ಶ್ರೀ ಒಳಗಿರೋದನ್ನ, ಅದು ಓಡಿಸೋದು ಹಳೇದನ್ನ!"

ನನಗೆ ತಕ್ಷಣ ನಮ್ಮ ತವರು ನೆನಪಾಯಿತು. ಸಿರಾ ತಾಲ್ಲೂಕು, ಬುಕ್ಕಾಪಟ್ಟಣದ ಕಡೆ. ನಮ್ಮ ಮನೆಗೆ ಹುಣಸೆಮರದ ಮನೆ ಅಂತಲೇ ಹೆಸರು. ನಾನು ಚಿಕ್ಕವಳಿದ್ದಾಗಲೇ ಆ ಮರ ಬಿದ್ದುಹೋಯಿತು, ಹೆಸರು ಬೀಳಲಿಲ್ಲ. ಪಕ್ಕದ ಬೀದಿಯಲ್ಲಿ ಇನ್ನೊಬ್ಬರ ಮನೆ ಮುಂದೆ ಬೇರೆ ಹುಣಸೆಮರ ಬೆಳೆಯಿತು. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು, ಅಂದರೆ ನಮ್ಮ ಯಜಮಾನರ ಮನೆಯವರೇ, ಕೇಳಿಕೊಂಡು ಬಂದು ಆ ಮನೆಯಲ್ಲಿ ಕೂತು ಮಜ್ಜಿಗೆಯನ್ನೂ ಕುಡಿದಿದ್ದರು. ಅಲ್ಲಿ ಮದುವೆ ವಯಸ್ಸಿನ ಹುಡುಗಿಯೇ ಇರಲಿಲ್ಲ. ನಾನು ಇಲ್ಲಿ ಸೀರೆ ಉಟ್ಟುಕೊಂಡು ಕಾಯುತ್ತಿದ್ದೆ.

ಅದನ್ನು ಹೇಳಿದೆ. ಸೊಸೆ, "ಅಷ್ಟೇ ಅತ್ತಮ್ಮ, ಅಷ್ಟೇ! ನನ್ನ ಚುಕ್ಕೆ ನಿಮ್ಮ ಹಾಗೆ ಸೀರೆ ಉಟ್ಕೊಂಡು ಕಾಯ್ತಾ ಇತ್ತು" ಎಂದಳು. ನಕ್ಕಳು, ಹಂಗೇ ಅತ್ತಳು. "ನಾನು ತಿದ್ದಿದ್ದೆ. ಸೇವ್ ಮಾಡಿದ್ದೆ. ನೋಡಿ, ಪ್ರತಿಯೊಂದೂ ಇಲ್ಲೇ ಇದೆ. ನಾನು ಮರೆತಿರಲಿಲ್ಲ."

ಒಳಗಿನಿಂದ ಯಜಮಾನರು, "ಮಜ್ಜಿಗೆ ಚೆನ್ನಾಗಿತ್ತು ಕಣೇ. ಅಲ್ಲೇ ಇನ್ನೊಂದು ಲೋಟ ಕುಡಿದಿದ್ರೆ ನಾನು ಬಚಾವಾಗ್ತಿದ್ದೆ" ಎಂದರು.

ಅಲ್ಲಿಗೆ ಮುಗಿಯಿತು ಅಂದುಕೊಂಡರೆ ಮುಗಿಯಲಿಲ್ಲ. ಅವಳು ಡೀಬಗ್ಗರಿನ ಪಾತನ್ನು ಬದಲಿಸಿದಳು. ಊರು ಕೇರಿ ಸಮೇತ ಉದ್ದದ ವಿಳಾಸ ಬರೆಯುವ ಬದಲು, ಈ ಕೆಲಸದ ಫೋಲ್ಡರ್ ಎಲ್ಲಿದೆಯೋ ಅಲ್ಲಿಂದ ಶುರುಮಾಡಿ ಹುಡುಕು ಅಂತ ಬರೆದರೆ, ಮುಂದೆ ಫೋಲ್ಡರನ್ನು ಎಲ್ಲಿಗೆ ಎತ್ತಿಟ್ಟರೂ ದಾರಿ ತಪ್ಪುವುದಿಲ್ಲವಂತೆ. ಬರೆದು ಓಡಿಸಿದಳು. ಈಗ ಪ್ರೋಗ್ರಾಂ ಶುರುವೇ ಆಗಲಿಲ್ಲ. ಕೆಂಪಗೆ ಏನೇನೋ ಬಂತು. ಅದರ ಮಧ್ಯೆ, ಶ್ರೀ ಇರಬೇಕಾದ ಕಡೆ, ಸಾಲಾಗಿ ಪ್ರಶ್ನೆಗುರುತುಗಳು.

ಬಾಗಿಲ ಹತ್ತಿರ ಕಾಳು ಆರಿಸುತ್ತಾ ಕೂತಿದ್ದ ನನ್ನನ್ನು ಒಂದು ಸಲ ತಿರುಗಿ ನೋಡಿದಳು. ಅದು ಇದು ಮಾಡುತ್ತಾ ಬಹಳ ಹೊತ್ತು ಒದ್ದಾಡಿದಳು. ಆಮೇಲೆ ಫೋನಿನಲ್ಲಿ ಮೇಡಂ ಜೊತೆ ಮಾತಾಡಿದ್ದು ಕಿವಿಗೆ ಬಿತ್ತು. ಅವರು ಹೇಳಿದ್ದು ಗೊತ್ತಾಗಲಿಲ್ಲ, ಇವಳು ಹೇಳಿದ್ದು ಗೊತ್ತಾಯಿತು. "ಹೌದು ಮೇಡಂ, ಕನ್ನಡ ಅಕ್ಷರ ಇದೆ. ಹಾಗೇ ಓದಿಸೋಕೆ ಏನಾದ್ರೂ ದಾರಿ ಇದ್ರೆ ನೋಡ್ತೀನಿ. ತೆಗೆಯೋಕೆ... ಮನೇಲಿ ಸ್ವಲ್ಪ ಬೇಜಾರಾಗತ್ತೆ ಮೇಡಂ."

ಬೇಜಾರಾಗುವವಳು ನಾನು. ಪ್ರೋಗ್ರಾಂ ಓಡಿಸಲು ಕಂಪನಿಯವರು ಕೊಟ್ಟಿದ್ದ ಯಾವುದೋ ಒಂದಕ್ಕೆ ಕನ್ನಡ ಅಕ್ಷರ ಓದಲು ಬರುವುದಿಲ್ಲ, ಅವಳು ನನಗಾಗಿ ಅದನ್ನು ತೆಗೆಯದೆ ಒದ್ದಾಡುತ್ತಿದ್ದಾಳೆ. ಕೂಡಲೇ ತೆಗಿ ಅಂದೆ ಅಂತ ಬರೆದರೆ ಸುಳ್ಳಾಗುತ್ತದೆ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದೆ. ಬರೆದ ದೇವರ ಹೆಸರನ್ನು ಕೈಯಾರೆ ಅಳಿಸುವುದು ನಮ್ಮ ಮನೆಯಲ್ಲಿ ಇಲ್ಲದ್ದು. ಗ್ಯಾಸ್ ಸಿಲಿಂಡರ್ ವಾಪಸ್ ಹೋಗುವಾಗಲೂ ನಾನು ಒರೆಸುವುದಿಲ್ಲ. ಅದೂ ಇಂಥ ಹುಡುಗಿಯ ವಿಷಯದಲ್ಲಿ, ಒಂದು ಸಲ ಕಳೆದುಕೊಂಡವಳ ವಿಷಯದಲ್ಲಿ, ಮನಸ್ಸು ಹೆದರುತ್ತದೆ. ಅಳಿಸಿದ್ದರಿಂದಲೇ ಏನಾದರೂ ಆಯಿತು ಅಂತ ನಾಳೆ ನಾನೇ ಅಂದುಕೊಂಡರೆ?

ಯಜಮಾನರು ಪೇಪರು ಮಡಿಸಿ, "ಅಲ್ಲಾ ಕಣೇ, ದೇವ್ರೇನು ಆ ಫೋಲ್ಡರ್ನಾಗೆ ಬಾಡಿಗೆಗೆ ಅವ್ನಾ?" ಎಂದರು. ನಾನು ಅವರ ಮಾತಿಗಲ್ಲ, ಅವಳ ಬೆನ್ನು ನೋಡಿ ಎದ್ದೆ. ಬೆಳಿಗ್ಗೆ ನೆಟ್ಟಗಾಗಿದ್ದ ಬೆನ್ನು ಮತ್ತೆ ಬಾಗುತ್ತಿತ್ತು.

"ತೆಗಿಯಮ್ಮ ಅದನ್ನ."

"ಬೇಡ ಅತ್ತಮ್ಮ, ಬೇರೆ ದಾರಿ ಇರತ್ತೆ. ಹುಡುಕ್ತೀನಿ."

"ಹುಡುಕೋಷ್ಟು ಹೊತ್ತಿಲ್ಲ ನಿನಗೆ. ತೆಗಿ. ನಾನು ನಿಂತ್ಕೊಂಡಿರ್ತೀನಿ."

ಅವಳು ಶ್ರೀ ಅನ್ನುವಲ್ಲಿ ಚಿಕ್ಕ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ಪಂಪು ಅಂತ ಬರೆದಳು. ಅದನ್ನು ಅಳಿಸುವಾಗ ನಾನು ಕಣ್ಣು ಮುಚ್ಚಿಕೊಂಡು ಶಿವ ಶಿವಾ ಎಂದೆ. ಕಣ್ಣು ಬಿಟ್ಟಾಗ ಚುಕ್ಕೆ ಕೆಂಪಗಿತ್ತು. ಓಡಿಸಿದಳು, ಕೆಂಪಗೇ ಇತ್ತು. ಪ್ರೋಗ್ರಾಂ ಆ ಸಾಲಿಗೆ ಬಂದು, ಹೇಳಿದ ಮಾತು ಕೇಳಿದ ಮಗುವಿನ ಹಾಗೆ ನಿಂತುಕೊಂಡಿತು.

ಮಧ್ಯರಾತ್ರಿ ದಾಟುವ ಪಂಪಿನ ತಪ್ಪು ಅವಳಿಗೆ ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ಹಿಂದಿನ ವಾರವೇ ಸರಿಯಾಗಿ ಊಹಿಸಿ ತಿದ್ದಿದ್ದಳಂತೆ, ಪಾತ್ ತಪ್ಪಿದ್ದರಿಂದ ತಿಳಿಯದೆ ಹೋಗಿತ್ತು. ಅವತ್ತು ಕರೆಂಟು ಸಂಜೆಯವರೆಗೆ ಹೋಗಲಿಲ್ಲ. ನಮ್ಮೂರಿನಲ್ಲಿ ಅದು ಸಣ್ಣ ಉಪಕಾರವಲ್ಲ. ದೀಪ ಹಚ್ಚುವ ಮುಂಚೆ ಎಲ್ಲ ಕಳಿಸಿದಳು.

ಮೇಡಂ ಎರಡು ದಿನ ಏನೂ ಹೇಳಲಿಲ್ಲ. ಆ ಎರಡು ದಿನ ನಾನು ಶ್ರೀ ಇಲ್ಲದ ಪರದೆ ನೋಡಿದಾಗಲೆಲ್ಲ ಶಿವ ಶಿವಾ ಅಂದುಕೊಂಡೆ. ಆಮೇಲೆ ಫೋನ್ ಬಂತು. ಇನ್ನೂ ಮೂರು ತಿಂಗಳು ಮಾಡಿ ನೋಡೋಣ ಅಂದರಂತೆ. ಖಾಯಂ ಅಂತ ಹೇಳಲಿಲ್ಲ. ಮಗನಿಗೆ ಫೋನಿನಲ್ಲಿ ಅವಳು ಮೊದಲು ಹೇಳಿದ್ದು ಕೆಲಸದ ವಿಷಯವಲ್ಲ. "ನಾನು ಮರೆತಿರಲಿಲ್ಲ, ಗೊತ್ತಾ?" ಎಂದಳು.

ಈಗಲೂ ಅವಳು ಕೂತ ಕೋಣೆಯಲ್ಲಿ ಕೀಲಿ ಒತ್ತುವ ಸದ್ದು ನಿಂತರೆ ನಾನು ಅಡುಗೆಮನೆಯಿಂದ ಕಿವಿಗೊಡುತ್ತೇನೆ. ಆ ಭಯ ನನ್ನನ್ನು ಬಿಟ್ಟಿಲ್ಲ. ಮೇಜಿನ ಮೇಲಿನ ಗೋಡೆಗೆ ಸೀಮೆಸುಣ್ಣದಲ್ಲಿ ಶ್ರೀ ಬರೆದಿದ್ದೇನೆ, ಸುಣ್ಣದ ಗೋಡೆ ಚೆನ್ನಾಗಿ ಹಿಡಿದುಕೊಂಡಿದೆ.

ಮೊನ್ನೆ ಮತ್ತೆ ಹಾಲು ಉಕ್ಕಿಸಿದಳು. ಸೀದ ವಾಸನೆಗೆ ನಾನು ಓಡಿಬಂದರೆ, ಅವಳು ನನಗಿಂತ ಮುಂಚೆ ಬಂದು ಒಲೆ ಆರಿಸಿ, ಪಾತ್ರೆಯನ್ನು ಸೆರಗಿನಲ್ಲಿ ಹಿಡಿದು ನಿಂತಿದ್ದಳು. ನಾನು ಅವಳ ಮುಖವನ್ನೇ ನೋಡಿದೆ.

"ಇದಕ್ಕೆ ಪಾತ್ ಸರಿಯಾಗೇ ಇತ್ತು ಅತ್ತಮ್ಮ" ಎಂದಳು. "ಇದು ನಾನೇ ಮರೆತದ್ದು."

ಹೇಳಿ, ಪಾತ್ರೆ ತಿಕ್ಕಲು ಕೂತಳು.